ಉಡಿದಾರದ ಬೆಲ್ಲ

ನನ್ನ ಆರೋಗ್ಯ ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಆಗ ನಾನು ಚಾಂಪಿಯನ್ ರೀಫ್ಸಿನ ಒಂದು ಗಿರಣಿಯಲ್ಲಿ ಹಾಜರಿ ಗುಮಾಸ್ತ. ಗಿರಣಿ ಎಂದರೆ ರಾಗಿಯದಲ್ಲ, ಚಿನ್ನದ ಕಲ್ಲನ್ನು ಪುಡಿ ಮಾಡುವುದು. ನನ್ನ ಮೈ ಗುಂಡುಕಲ್ಲಿನಂತಿತ್ತು. ಒಳಗೆ ಮಾತ್ರ ಸಕ್ಕರೆ ಕಾಯಿಲೆ. ಬಂಗಾರಪೇಟೆಯ ಡಾಕ್ಟರೊಬ್ಬರು ಅದನ್ನು ಪತ್ತೆ ಮಾಡಿ, ದಿನಾ ಬೆಳಿಗ್ಗೆ ಚುಚ್ಚಿಸಿಕೊಳ್ಳುವ ಹೊಸ ಮದ್ದು ಕೊಟ್ಟಿದ್ದರು. ಚುಚ್ಚುತ್ತಿದ್ದವಳು ನನ್ನ ಹೆಂಡತಿ ಪಾಪಮ್ಮ. ಮದುವೆಯಾದ ಮೇಲೆ ಅವಳು ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಇನ್ನೊಂದಿಲ್ಲ.

ಡಾಕ್ಟರ ಅಪ್ಪಣೆ ವಿಚಿತ್ರವಾಗಿತ್ತು. ಸಿಹಿ ಮುಟ್ಟಕೂಡದು. ಆದರೆ ಮದ್ದು ಹೆಚ್ಚಾಗಿ ಕೈಕಾಲು ನಡುಗಿ ಬೆವರು ಕಿತ್ತುಕೊಂಡರೆ ಆ ಕ್ಷಣವೇ ಸಿಹಿ ತಿನ್ನಬೇಕು, ಇಲ್ಲವಾದರೆ ಎಚ್ಚರ ತಪ್ಪುತ್ತದೆ. ಅದಕ್ಕೆಂದು ಪಾಪಮ್ಮ ಒಂದು ಬೆಲ್ಲದ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಉಡಿದಾರಕ್ಕೆ ಕಟ್ಟಿರುತ್ತಿದ್ದಳು. ಅದರ ಗಾತ್ರದ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ಮೊದಲ ಸಲ ಈ ಕಥೆ ಹೇಳಿದಾಗ ಅದು ನೆಲ್ಲಿಕಾಯಿಯಷ್ಟಿತ್ತು. ಆಮೇಲೆ ನಿಂಬೆಹಣ್ಣಾಯಿತು. ಈಚೆಗೆ ತೆಂಗಿನಕಾಯಿಯ ಹತ್ತಿರ ಬಂದಿದೆ. ಬರೆಯುತ್ತಿರುವುದರಿಂದ ಮತ್ತೆ ನೆಲ್ಲಿಕಾಯಿಗೆ ಇಳಿಸಿದ್ದೇನೆ.

ಕಾಯಿಲೆಯ ಸಂಗತಿ ಗಂಡಹೆಂಡಿರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಕೂಡದಿತ್ತು. ನನ್ನ ಪಕ್ಕದ ಮೇಜಿನವನು ನಾಲ್ಕು ದಿನ ಕೆಮ್ಮಿದ್ದಕ್ಕೆ ಗಣಿಯ ಆಸ್ಪತ್ರೆಯವರು ‘ಅನ್‌ಫಿಟ್’ ಎಂದು ಚೀಟಿ ಬರೆದುಕೊಟ್ಟಿದ್ದರು. ಕೆಲಸದ ಜೊತೆ ಕ್ವಾರ್ಟರ್ಸೂ ಹೋಯಿತು. ನಾನು ಕೆಮ್ಮು ಬಂದರೂ ನುಂಗುತ್ತಿದ್ದೆ.

ಹೀಗಿರುವಾಗ ಗಣಿಯ ಮೈದಾನದಲ್ಲಿ ಆಟೋಟದ ದಿನ ಬಂತು. ನಮ್ಮ ಗಿರಣಿಗೂ ಬಂಗಾರಪೇಟೆಯಲ್ಲಿ ರೈಲು ಹಳಿ ಎತ್ತುವವರಿಗೂ ಹಗ್ಗಜಗ್ಗಾಟ. ನಮ್ಮ ತಂಡದ ಮುಖಂಡ ಮೇಸ್ತ್ರಿ ಚೌಡಪ್ಪ, ಕ್ಯಾಸಂಬಳ್ಳಿ ಕಡೆಯವನು, ನೇರವಾಗಿ ನನ್ನ ಮೇಜಿಗೆ ಬಂದ.

“ಏನ್ಲಾ ನಂಜುಂಡ, ಅಗ್ಗದ ಕೊನೇಲಿ ನೀನೇ ನಿಂತ್ಕಾಬೇಕು ಕಣ್ಲಾ.”

“ನನಗೆ ಎಳೆಯೋಕೆ ಬರಲ್ಲಪ್ಪ.”

“ಎಳೆಯೋಕೆ ನಾವಿದ್ದೀವಿ. ನೀನು ಸುಮ್ನೆ ಇದ್ರೆ ಸಾಕು. ಆಪೀಸಲ್ಲಿ ಇರ್ತೀಯಲ್ಲ, ಅಂಗೆ!”

“ಮೈಗೆ ಅಷ್ಟು ಹುಷಾರಿಲ್ಲ ಚೌಡಪ್ಪ.”

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೇಜು ಗುದ್ದಿ ಗುದ್ದಿ ನಕ್ಕ. ನಾನೂ ನಕ್ಕೆ. ಇನ್ನೇನು ಮಾಡಲಿ?

ಮನೆಯಲ್ಲಿ ಪಾಪಮ್ಮ, “ಬ್ಯಾಡ ಅಂತ ಏಳ್ಬೇಕಾಗಿತ್ತು ಕಣ್ರೀ,” ಎಂದಳು. “ನಡುಕ ಬಂದ್ರೆ ಏನು ಗತಿ?”

“ಬೆಲ್ಲ ಇದೆಯಲ್ಲ!” ಎಂದೆ. ಜಗತ್ತಿನ ಎಲ್ಲ ಅಪಾಯಗಳಿಗೂ ಉತ್ತರ ನನ್ನ ಉಡಿದಾರದಲ್ಲಿ ತೂಗಾಡುತ್ತಿದೆ ಎಂಬ ಧೈರ್ಯ ನನಗೆ!

ಮೊದಲ ಎಳೆತದಲ್ಲಿ ನಾವು ಗೆದ್ದೆವು. ನಾನು ಹುಲಿಯಂತೆ ಗರ್ಜಿಸಿದೆನೆಂದು ನನ್ನ ನೆನಪು ಹೇಳುತ್ತದೆ. ಮೇಕೆಯಂತೆ ಅರಚಿದೆನೆಂದು ಪಾಪಮ್ಮ ಹೇಳುತ್ತಾಳೆ. ಅವಳು ಆಗ ಇನ್ನೂ ಮೈದಾನಕ್ಕೇ ಬಂದಿರಲಿಲ್ಲ. ಆದರೂ ಅವಳ ಮಾತೇ ನಿಜವಿರಬೇಕು.

ಎರಡನೆಯದರಲ್ಲಿ ಸೋತೆವು. ಮೂರನೆಯದು ಶುರುವಾಗುವ ಹೊತ್ತಿಗೆ ನನ್ನ ಮೊಣಕಾಲು ಸಣ್ಣಗೆ ನಡುಗಿತು. ಬೆವರು ಇಳಿಯಿತು. ಎದುರಿನ ಒಬ್ಬೊಬ್ಬ ಹಳಿಯವನೂ ಇಬ್ಬಿಬ್ಬರಾಗಿ ಕಂಡ. ಈ ಲೆಕ್ಕದಲ್ಲಿ ನಾವು ಗೆಲ್ಲುವುದು ಕಷ್ಟವೆನ್ನಿಸಿತು.

ಬೆಲ್ಲ ತೆಗೆಯೋಣವೆಂದು ಸೊಂಟಕ್ಕೆ ಕೈ ಹಾಕಿದೆ. ಸೊಂಟದ ಸುತ್ತ ಹಗ್ಗ! ಹಗ್ಗದ ಕೆಳಗೆ ಬೆಲ್ಲ! ಕೊನೆಯವನಾದ್ದರಿಂದ ಚೌಡಪ್ಪ ಸ್ವಂತ ಕೈಯಿಂದ ನನಗೆ ಹಗ್ಗ ಬಿಗಿದಿದ್ದ.

“ಚೌಡಪ್ಪ, ಒಂದು ಗಳಿಗೆ ಬಿಚ್ಚೋ!”

“ಗೆದ್ದ ಮ್ಯಾಲೆ ಬಿಚ್ತೀನಿ, ಎಳಿಯಲಾ!”

ಸೀಟಿ ಊದಿದರು. ನಾನು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದನ್ನು ಬನಿಯನ್ನಿನೊಳಗೆ ತೂರಿಸಿ, ಹೊಟ್ಟೆಯನ್ನು ಸಾಧ್ಯವಾದಷ್ಟು ಒಳಗೆಳೆದುಕೊಂಡು ಬೆಲ್ಲದ ಗಂಟು ಬಿಚ್ಚಿದೆ. ಅತ್ತಿತ್ತ ನೋಡಿದೆ. ಕದ್ದು ತಿನ್ನುವವನು ಹೇಗೆ ನೋಡುತ್ತಾನೋ ಹಾಗೆಯೇ ನೋಡಿದೆ. ಹಳದಿ ಉಂಡೆಯನ್ನು ಬಾಯಿಗೆ ಹಾಕಿಕೊಂಡೆ.

ಗಿರಣಿಯ ಬಾಗಿಲಲ್ಲಿ ದಿನಾ ನಮ್ಮ ಬಾಯಿ, ಕಂಕುಳು, ಜೇಬುಗಳನ್ನು ತಡಕಿ ಹೊರಗೆ ಬಿಡುವ ಕಾವಲುಗಾರ ಮುನುಸ್ವಾಮಿ ಹತ್ತೇ ಅಡಿ ದೂರದಲ್ಲಿ ನಿಂತಿದ್ದ. ಹತ್ತಾರು ವರ್ಷದ ಕೆಲಸದಲ್ಲಿ ಅವನು ಒಬ್ಬ ಕಳ್ಳನನ್ನೂ ಹಿಡಿದಿರಲಿಲ್ಲ. ಅವನ ಭಾಗ್ಯ ಆ ದಿನ ತೆರೆಯಿತು.

“ಬಂಗಾರ! ಬಂಗಾರ ನುಂಗ್ತಾವ್ನೆ! ಏಯ್, ವಾಯ ತೊರ! ಬಾಯಿ ತೆಗಿ!”

ಆ ಊರಿನಲ್ಲಿ ‘ಬೆಂಕಿ’ ಎಂದು ಕೂಗಿದರೆ ಜನ ನಿಧಾನವಾಗಿ ತಿರುಗಿ ನೋಡುತ್ತಾರೆ. ‘ಬಂಗಾರ’ ಎಂದರೆ ಹಾಗಲ್ಲ. ನಮ್ಮ ತಂಡದವರೆಲ್ಲ ಒಟ್ಟಿಗೆ ಹಗ್ಗ ಬಿಟ್ಟು ನನ್ನ ಕಡೆ ತಿರುಗಿದರು. ಹಳಿಯವರು ಬಿಡಲಿಲ್ಲ. ಹಗ್ಗ ನನ್ನ ಸೊಂಟಕ್ಕೆ ಕಟ್ಟಿಯೇ ಇತ್ತು.

ಬೋರಲಾಗಿ, ಮಣ್ಣು ಉಳುತ್ತಾ, ನನ್ನ ತಂಡದ ಒಬ್ಬೊಬ್ಬರ ಕಾಲನ್ನೂ ದಾಟಿ ನಾನು ಗೆರೆಯಾಚೆ ಹೋದೆ. ಗಿರಣಿಯ ಪರವಾಗಿ ಸೋತವನು ನಾನೊಬ್ಬನೇ! ದಾರಿಯಲ್ಲಿ ಬೆಲ್ಲ ಕರಗಿತು. ನಡುಕ ನಿಂತಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಸಂಪೂರ್ಣ ಜಯ.

ಮುನುಸ್ವಾಮಿ ನನ್ನ ಬಾಯಿ ಬಿಡಿಸಿ ಇಣುಕಿದ. ಖಾಲಿ. “ನುಂಗಿಬಿಟ್ಟ!” ಎಂದು ಘೋಷಿಸಿದ. ಶಾಮಿಯಾನದಿಂದ ಗಣಿಯ ಬಿಳಿ ದೊರೆ ಇಳಿದು ಬಂದರು. ಹರಳೆಣ್ಣೆ ಕುಡಿಸಿ, ಬರಬೇಕಾದದ್ದು ಬರುವವರೆಗೆ ಕಾಯತಕ್ಕದ್ದು ಎಂದು ತೀರ್ಪಾಯಿತು. ಕಾಯುವುದಕ್ಕೆ ಅರ್ಧ ಊರೇ ಸಿದ್ಧವಾಗಿ ಸುತ್ತ ಕುಳಿತಿತು.

ನಾನು ಬಾಯಿ ಬಿಡಲಿಲ್ಲ. ಕಾಯಿಲೆಯೆಂದರೆ ಮನೆ ಹೋಗುತ್ತದೆ, ಸುಮ್ಮನಿದ್ದರೆ ಜೈಲು. ಜೈಲಿನಲ್ಲಿ ಮನೆಯ ಚಿಂತೆಯಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಅದೂ ಅಲ್ಲದೆ, ಚೌಡಪ್ಪ ನನ್ನನ್ನು ಮೊದಲ ಸಲ ಗೌರವದಿಂದ ನೋಡುತ್ತಿದ್ದ. “ಎಷ್ಟು ತೂಕ ಇತ್ತಣ್ಣಾ?” ಎಂದು ಕಿವಿಯಲ್ಲಿ ಕೇಳಿದ. ಅಣ್ಣಾ!

ಅರ್ಧ ಲೋಟ ಹರಳೆಣ್ಣೆ ಒಳಗೆ ಹೋಗಿತ್ತು. ಅಷ್ಟರಲ್ಲಿ ಪಾಪಮ್ಮ ಜನರನ್ನು ಸೀಳಿಕೊಂಡು ಬಂದಳು. ನನ್ನನ್ನು ನೋಡಿದಳು, ಲೋಟ ನೋಡಿದಳು, ನೆಲದಲ್ಲಿ ಬಿದ್ದಿದ್ದ ಬಟ್ಟೆಯ ಚೂರನ್ನು ನೋಡಿದಳು. ಅದನ್ನು ಎತ್ತಿ ದೊರೆಯ ಮೂಗಿನ ಮುಂದೆ ಹಿಡಿದಳು.

“ಇರುವೆ ನೋಡಿ ದೊರೆ! ಎಷ್ಟು ಮುತ್ಕಂಡವೆ! ಬಂಗಾರಕ್ಕೆ ಇರುವೆ ಬತ್ತಾವಾ? ಬೆಲ್ಲ ಇದು, ಬೆಲ್ಲ!”

ಮುನುಸ್ವಾಮಿಯ ಮುಖ ಬಾಡಿತು. ದೊರೆ ತಮ್ಮ ಮುರುಕು ಕನ್ನಡದಲ್ಲಿ, “ಹಗ್ಗ ಎಳೆಯುವಾಗ ಬೆಲ್ಲ ಯಾಕೆ?” ಎಂದು ಕೇಳಿದರು.

ನಿಜ ಹೇಳಿದರೆ ಮುಗಿಯಿತು. ಪಾಪಮ್ಮ ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು, ಮೈದಾನಕ್ಕೆಲ್ಲ ಕೇಳುವಂತೆ ಹೇಳಿದಳು:

“ಏನ್ ಏಳ್ಲಿ ದೊರೆ, ನಾಚ್ಕೆಗೇಡು. ನಮ್ಮ ಯಜಮಾನ್ರು ಬಾರೀ ಒಟ್ಟೆಬಾಕ!”

ದೊರೆ ನನ್ನ ಹೊಟ್ಟೆ ನೋಡಿದರು. ಚೌಡಪ್ಪ ನೋಡಿದ. ಎಲ್ಲರೂ ನೋಡಿದರು. ಸಾಕ್ಷಿ ಬೇಕೆಂದು ಒಬ್ಬನೂ ಕೇಳಲಿಲ್ಲ! ಒಬ್ಬನಾದರೂ ‘ಇರಲಾರದು’ ಎನ್ನಬಹುದಿತ್ತು. ಎಲ್ಲರೂ ಏಕಕಂಠದಿಂದ ನಂಬಿದರು. ಕೆಲಸ ಉಳಿಯಿತು, ಕ್ವಾರ್ಟರ್ಸು ಉಳಿಯಿತು. ಚೌಡಪ್ಪನ ‘ಅಣ್ಣಾ’ ಮಾತ್ರ ಮತ್ತೆ ‘ಏನ್ಲಾ’ ಆಯಿತು. ಹರಳೆಣ್ಣೆ ಯಾರ ತೀರ್ಪನ್ನೂ ಕೇಳದೆ ತನ್ನ ಕರ್ತವ್ಯವನ್ನು ಪೂರೈಸಿತು.

ಗೆದ್ದ ಹಳಿಯವರು ದೊಡ್ಡ ಮನಸ್ಸಿನವರು. ಮಾರನೆಯ ವಾರ ಬಂಗಾರಪೇಟೆಯಿಂದ ಒಂದು ಬುಟ್ಟಿ ಅಚ್ಚುಬೆಲ್ಲ ಕಳಿಸಿದರು: ‘ಗಿರಣಿಯ ಗುಮಾಸ್ತರಿಗೆ, ಪ್ರೀತಿಯಿಂದ.’ ಪಾಪಮ್ಮ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಆ ಸಂಜೆ ನಾನು ಚಾಪೆಯ ಮೇಲೆ ಕುಳಿತು ಕೈಕಾಲು ನಡುಗಿಸಿದೆ. ಮನಸ್ಸಿಟ್ಟು ನಡುಗಿಸಿದೆ. ಪಾಪಮ್ಮ ಹತ್ತಿರ ಬಂದು ನನ್ನ ಹಣೆಯನ್ನು ಅಂಗೈಯಿಂದ ಒರೆಸಿ ನೋಡಿದಳು.

“ನಡುಕ ಚೆನ್ನಾಗೈತೆ,” ಎಂದಳು. “ಬೆವರೆಲ್ಲಿ?”