ಚಿಕ್ಕಮ್ಮನ ಹಸಿಮರ, ಅಪ್ಪನ ಬೈರಾಸು

ನನ್ನ ಚಿಕ್ಕಮ್ಮನಿಗೆ ಮನುಷ್ಯರಿಗಿಂತ ಮರಗಳೇ ಹೆಚ್ಚು ಇಷ್ಟ. ಅದೂ ಬಿದ್ದ ಮರಗಳು! ಅವಳಿರುವುದು ಕಾರ್ಕಳದಲ್ಲಿ. ಕಲ್ಲಿನ ಕೆತ್ತನೆಗೆ ಹೆಸರಾದ ಊರಿನಲ್ಲಿ ಕೂತು ಮರ ಕೆತ್ತುವುದೇ ಒಂದು ಅಧಿಕಪ್ರಸಂಗ. ಅದರಲ್ಲೂ ಆಚಾರಿಗಳು ವರ್ಷಗಟ್ಟಲೆ ಒಣಗಿಸಿ ಮುಟ್ಟುವ ಮರವನ್ನು ಈಕೆ ಸೊನೆ ಸೋರುತ್ತಿರುವಾಗಲೇ ಕೆತ್ತಬೇಕು. ಯಾಕೆಂದು ಕೇಳಿದರೆ, "ಒಣಗಿದ ಮೇಲೆ ಅದು ನನ್ನ ಮಾತು ಕೇಳುವುದಿಲ್ಲ" ಎನ್ನುತ್ತಾಳೆ. ಚಿಕ್ಕಪ್ಪನ ಕಥೆಯೂ ಅದೇ ಎಂಬುದು ಬೇರೆ ವಿಷಯ.

ಮಣಿಪಾಲದಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತಳಾದವಳು ಮುಚ್ಚಿಹೋದ ಅಕ್ಕಿ ಮಿಲ್ಲೊಂದನ್ನು ಬಾಡಿಗೆಗೆ ಹಿಡಿದು 'ಸ್ಟುಡಿಯೋ' ಎಂದು ಕರೆದಳು. ಮಳೆಗಾಲದಲ್ಲಿ ನಮ್ಮ ಕಡೆಯ ಲೈನ್‌ಮ್ಯಾನ್‌ಗಳೆಲ್ಲ ಅವಳಿಗೇ ಫೋನ್ ಮಾಡುತ್ತಾರೆ.

"ಟೀಚರೇ, ಸಂತೆಕಟ್ಟೆಯಲ್ಲಿ ಒಂದು ಮಾವಿನ ಮರ ಬಿದ್ದಿದೆ."

ನಾವಾದರೆ ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳುತ್ತೇವೆ. ಚಿಕ್ಕಮ್ಮ ಕೇಳುವುದು, "ಬುಡ ಎಷ್ಟು ದಪ್ಪ ಉಂಟು ಮಾರಾಯ?"

ಹಸಿಮರ ಬೇಗ ಒಣಗಿದರೆ ಬಿರಿಯುತ್ತದೆ. ಅದಕ್ಕೇ ಅವಳು ಕೆತ್ತುವ ಆಳೆತ್ತರದ ಮೂರ್ತಿಗಳಿಗೆಲ್ಲ ಒದ್ದೆ ಗೋಣಿ ಹೊದೆಸಿ, ದಿನವೂ ನೀರು ಚಿಮುಕಿಸಬೇಕು. ಒಮ್ಮೆ ಉಡುಪಿಯ ಮದುವೆಯೊಂದರಲ್ಲಿ ಪಾಯಸ ಬರುವ ಹೊತ್ತಿಗೇ ಚಿಕ್ಕಮ್ಮ ಎದ್ದುಬಿಟ್ಟಳು. "ನನ್ನ ಗೋಣಿ ಒಣಗಿರ್ತದೆ!"

ಪಕ್ಕದೆಲೆಯವರು ಅಮ್ಮನನ್ನು ಕೇಳಿದರು, "ನಿಮ್ಮ ತಂಗಿಗೆ ಎಂತ ಬಿಸಿನೆಸ್?"

"ಗೊಂಬೆಗಳಿಗೆ ಸ್ನಾನ ಮಾಡಿಸುವುದು" ಎಂದಳು ಅಮ್ಮ. "ಪಾಯಸ ಬಿಟ್ಟು ಹೋಗುವವರಿಗೆ ತಲೆ ಸರಿ ಉಂಟಾ, ನೀವೇ ಹೇಳಿ!"

ಈ ಅಮ್ಮ, ಅಪ್ಪ ತೀರಿಕೊಂಡಾಗ ಅಳಲಿಲ್ಲ. ಅಪ್ಪನಿಗೆ ಸೆಕೆ ತಡೆಯುತ್ತಿರಲಿಲ್ಲ. ಬೇಸಿಗೆಯಿಡೀ ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಬೆನ್ನಿಗೆ ಹಾಕಿಕೊಂಡು ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು. ಆ ಬೈರಾಸುಗಳನ್ನು ಅಮ್ಮ ಒಗೆದು, ಮಡಚಿ, ಕಪಾಟಿನಲ್ಲಿಟ್ಟಳು. ಮತ್ತೆ ಅಪ್ಪನ ಸುದ್ದಿಯನ್ನೇ ಎತ್ತಲಿಲ್ಲ. ನಾವು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಹೋದ ಮಳೆಗಾಲದಲ್ಲಿ ಅಪ್ಪ ನೆಟ್ಟ ಹಲಸಿನ ಮರ ಗಾಳಿಗೆ ಉರುಳಿತು. ಅಮ್ಮ ಅದನ್ನು ನೋಡಿ, "ಸೌದೆಗೆ ಕೊಟ್ಟುಬಿಡು" ಎಂದಳು, ಅಷ್ಟೆ. ಕೊಡುವುದಕ್ಕೆ ನಮಗೆ ಪುರುಸೊತ್ತೆಲ್ಲಿ? ಅಷ್ಟರಲ್ಲಿ ಚಿಕ್ಕಮ್ಮ ಕ್ರೇನ್ ಸಮೇತ ಅಂಗಳದಲ್ಲಿದ್ದಳು!

ದೀಪಾವಳಿ ಕಳೆದ ಮೇಲೆ ಚಿಕ್ಕಮ್ಮ ನಮ್ಮನ್ನು ಸ್ಟುಡಿಯೋಕ್ಕೆ ಕರೆಸಿಕೊಂಡಳು. ಗೋಣಿ ಸರಿಸಿದಳು. ಒಳಗೆ ಅಪ್ಪ ಕೂತಿದ್ದರು, ಹಲಸಿನ ಹಳದಿಯಲ್ಲಿ, ಬಾಗಿಲಿನಷ್ಟು ಎತ್ತರಕ್ಕೆ. ಅಮ್ಮ ಒಂದು ಸುತ್ತು ಬಂದಳು. ಆಮೇಲೆ ಜಗಳಕ್ಕೆ ನಿಂತಳು.

"ಅವರ ಮೂಗು ಇಷ್ಟು ಉದ್ದ ಎಲ್ಲಿತ್ತು?"

"ನನಗೆ ಎಂತ ಗೊತ್ತು ಅಕ್ಕ? ಭಾವನ ಮೂಗು ನೋಡಿದವಳು ನೀನು. ನೀನು ಹೇಳು, ನಾನು ತೆಗೀತೇನೆ."

ಅಮ್ಮ ಹೇಳತೊಡಗಿದಳು. ಮೂಗು ಹೀಗಲ್ಲ, ತುದಿ ಸ್ವಲ್ಪ ಚಪ್ಪಟೆ. ಎಡಗಿವಿ ಹೀಗೆ ಮುಂದೆ. ನಗುವಾಗ ಇಲ್ಲಿ ಗುಳಿ ಬೀಳುತ್ತಿತ್ತು, ಇಲ್ಲಿ... ಬೆರಳು ಅಲ್ಲೇ ನಿಂತಿತು. ಅಮ್ಮ ಆ ಮರದ ಮೊಣಕಾಲನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ನಾನೂ ಅತ್ತೆ. ಚಿಕ್ಕಮ್ಮ ಉಳಿ ಮಸೆಯುತ್ತಾ ಕೂತಿದ್ದಳು. ಒಮ್ಮೆ ಕಂಡ ಬಸ್ ಕಂಡಕ್ಟರನ ಮುಖವನ್ನೂ ಮರೆಯದೆ ಬರೆಯುವ ಈ ಟೀಚರಿಗೆ ಸ್ವಂತ ಭಾವನ ಮೂಗು ಗೊತ್ತಿರಲಿಲ್ಲವಂತೆ! ನಂಬಬೇಕೇ? ನಾನಂತೂ ಕೇಳಲು ಹೋಗಲಿಲ್ಲ.

ಮೂಗು ಸರಿಯಾಯಿತು. ಆದರೆ ಅಷ್ಟು ದೊಡ್ಡ ಮರ ಒಣಗಲು ವರ್ಷಗಳೇ ಬೇಕು. ಮೊನ್ನೆ ಸುಡುಬಿಸಿಲಿನಲ್ಲಿ ಉಡುಪಿಯಲ್ಲೇ ಮತ್ತೊಂದು ಮದುವೆ. ಪಾಯಸದ ಬಾಲ್ದಿ ನಮ್ಮ ಸಾಲಿಗೆ ಬರುತ್ತಿದ್ದಂತೆ ಅಮ್ಮ ಎದ್ದಳು.

"ಎಲ್ಲಿಗಮ್ಮ?"

"ಕಾರ್ಕಳಕ್ಕೆ."

"ನೀರು ಹಾಕ್ಲಿಕ್ಕೆ ಚಿಕ್ಕಮ್ಮ ಇಲ್ವಾ ಅಲ್ಲಿ?"

"ಅವಳು ಗೋಣಿ ಹೊದೆಸ್ತಾಳೆ ಮಾರಾಯ. ಗೋಣಿ ಚುಚ್ಚುವುದಿಲ್ವಾ?" ಅಮ್ಮ ಕೈಚೀಲ ತೆರೆದು ತೋರಿಸಿದಳು. ಒಳಗೆ ಮಡಚಿದ ಹಳೆಯ ಬೈರಾಸು ಇತ್ತು. "ಅವರಿಗೆ ಮೊದಲಿಂದಲೂ ಸೆಕೆ ಜಾಸ್ತಿ."