ಜೈಲಿನೊಳಗೆ ರಿಂಗಾದ ಫೋನುಗಳು

ನಾನು ಜೈಲು ವಾರ್ಡರ್ ಆಗಿದ್ದವನು. ಮೊದಲೆಲ್ಲ ಬೀಡಿ ಕಟ್ಟು ಹುಡುಕಿದರೆ ಡ್ಯೂಟಿ ಮುಗಿಯುತ್ತಿತ್ತು. ಮೊಬೈಲು ಬಂದ ಮೇಲೆ ದಿನಕ್ಕೊಂದು ರಾಮಾಯಣ. ಒಳಗೆ ಕೂತವನು ಹೊರಗಿನ ಸಾಕ್ಷಿಗೆ ಫೋನಲ್ಲಿ ಬೆದರಿಕೆ ಹಾಕಿದರೆ ಮೆಮೋ ಬರುವುದು ನಮಗೆ. ಆಗ ನಗುವ ತ್ರಾಣವಿರಲಿಲ್ಲ. ಈಗ ರಿಟೈರಾಗಿ ಆಲ್ಕೊಳದ ಮನೆಯಲ್ಲಿ ಕೂತು ನಗ್ತೀನಿ.

ಅಜ್ಜಿಯ ಚೀಲ

ಕುಂಸಿ ಕಡೆಯ ಅಜ್ಜಿಯೊಬ್ಬರು ಮಗನನ್ನು ನೋಡಲು ಬಂದಿದ್ದರು. ಗೇಟಿನಲ್ಲಿ ಚೀಲ ನೋಡುವ ಸರದಿ ನನ್ನದು.

"ಫೋನು ಗೀನು ಇಲ್ಲ ತಾನೆ, ಅಜ್ಜಿ?"

"ಅಯ್ಯೋ ಇಲ್ಲಪ್ಪ. ನೀವು ಬೈತೀರಿ ಅಂತ ಗೊತ್ತಿಲ್ವಾ?"

ರೊಟ್ಟಿ ಗಂಟಿನ ಅಡಿಯಲ್ಲಿ ವೈರು ಕಂಡಿತು. ಎಳೆದರೆ ಚಾರ್ಜರು.

"ಮತ್ತೆ ಇದೇನು?"

"ಅದು ಫೋನಲ್ಲ ಮಾರಾಯ. ಫೋನು ಅವನ ಹತ್ರ ಒಳಗೇ ಇದ್ಯಂತೆ."

ಸಾಹೇಬರ ಭಾಷಣ

ಇನ್ನೊಮ್ಮೆ ಸೂಪರಿಂಟೆಂಡೆಂಟ್ ಸಾಹೇಬರೇ ನಿಂತು ಬ್ಯಾರಕ್ ಜಾಲಾಡಿಸಿದರು. ಚಾಪೆ ಒದರಿದೆವು, ಕೊಡ ಬಗ್ಗಿಸಿದೆವು, ಸೊಂಟ ಬಿದ್ದುಹೋಯಿತು. ಏನೂ ಸಿಗಲಿಲ್ಲ. ಸಾಹೇಬರು ಖುಷಿಯಾಗಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಭಾಷಣ ಶುರುಮಾಡಿದರು. ಅಷ್ಟರಲ್ಲಿ ಎಲ್ಲಿಂದಲೋ ಟ್ರಿಣ್ ಟ್ರಿಣ್.

"ಯಾರದ್ದದು?" ಸಾಹೇಬರು ಗುಡುಗಿದರು.

ಮುಂದಿನ ಸಾಲಿನವನು ಕೈಕಟ್ಟಿ ಹೇಳಿದ: "ನಿಮ್ಮ ಜೇಬು ನೋಡ್ಕೊಳ್ಳಿ ಸಾರ್. ನಮ್ದೆಲ್ಲಾ ಸೈಲೆಂಟಲ್ಲಿದೆ."

ಮತ್ತೆ ಮೊದಲ ಚಾಪೆಯಿಂದ ಶುರು.

ಜಾಮರ್

ಕೊನೆಗೆ ಸಿಗ್ನಲ್ ತಡೆಯುವ ಜಾಮರ್ ಹಾಕಿದರು. ಅವತ್ತಿಂದ ಗೇಟಿನಲ್ಲಿ ನಮ್ಮ ಫೋನುಗಳು ಸತ್ತವು. ಅದೇ ವಾರ ನನ್ನ ಮಗಳನ್ನು ಭದ್ರಾವತಿಯ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿಸಿದ್ದರು; ನನ್ನ ಹೆಂಡತಿ ಜೊತೆಗಿದ್ದಳು. ಚೊಚ್ಚಲು, ಕಷ್ಟದ ಹೆರಿಗೆ ಅಂದಿದ್ದರು. ರಜೆ ಸಿಕ್ಕಿರಲಿಲ್ಲ. ಆಫೀಸಿನ ಲ್ಯಾಂಡ್‌ಲೈನೂ ಕೆಟ್ಟಿತ್ತು. ಬ್ಯಾರಕ್ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದೆ. ಯಾಕೆ ಅಂತ ಬ್ಯಾರಕ್ಕಿಗೆಲ್ಲ ಗೊತ್ತಿತ್ತು.

ಕೊನೆಯ ಸೆಲ್ಲಿನಿಂದ ಭದ್ರಾವತಿಯ ಕೈದಿಯೊಬ್ಬ ಕರೆದ. ಅವನ ಅಕ್ಕ ಅದೇ ಆಸ್ಪತ್ರೆಯಲ್ಲಿ ಆಯಾ.

"ಸಾರ್, ಹೆಣ್ಣು ಮಗು. ತಾಯಿ, ಮಗು ಇಬ್ರೂ ಚೆನ್ನಾಗಿದ್ದಾರೆ."

ಸರಳು ಹಿಡಿದು ನಿಂತೆ. ಕಣ್ಣೊರೆಸಿಕೊಂಡ ಮೇಲೆ ಡ್ಯೂಟಿ ನೆನಪಾಯಿತು.

"ನಿನಗೆ ಹೆಂಗೋ ಗೊತ್ತಾಯ್ತು?"

ಅವನು ಸೆಲ್ಲಿನ ಮೂಲೆ ತೋರಿಸಿದ. ಆ ಮೂಲೆಗೆ ಮಾತ್ರ ಜಾಮರ್ ತಾಗುತ್ತಿರಲಿಲ್ಲವಂತೆ.

"ಕೊಡು ಇಲ್ಲಿ ಫೋನು!"

"ಕೊಡ್ತೀನಿ ಸಾರ್," ಎಂದು ದಿಂಬಿನಡಿಯಿಂದ ತೆಗೆದು ಚಾಚಿದ. "ಸೀಜ್ ಮಾಡೋಕೆ ಮುಂಚೆ ಒಂದು ಮಾತಾಡ್ಬಿಡಿ. ನಿಮ್ಮ ಮನೆಯವರು ಲೈನಲ್ಲೇ ಇದ್ದಾರೆ."