ಎಲೆ ಗುರುತಿನ ಊಟ

ಇಡೀ ರಾದ್ಧಾಂತಕ್ಕೆ ಕಾರಣ ಒಂದು ಅಂಗಿಯ ಗುಂಡಿ. ಅದು ಕಿತ್ತುಹೋಗದಿದ್ದರೆ ಅಂಚಣ್ಣ ಟೈಲರಮ್ಮನ ಅಂಗಡಿಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ನಲವತ್ತೆಂಟನೆಯ ವಯಸ್ಸಿನಲ್ಲಿ ಹಾಲು, ಮೊಸರು, ಬೆಣ್ಣೆ, ಮೊಟ್ಟೆ, ಮೀನು, ಮಾಂಸ, ಜೇನು ಇಷ್ಟಕ್ಕೂ ಒಂದೇ ದಿನ ಕೈಮುಗಿದು ಕೂರುತ್ತಿರಲಿಲ್ಲ.

ಅಂಚಣ್ಣ ಅನ್ನುವುದು ಅವನ ಹುಟ್ಟುಹೆಸರಲ್ಲ. ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಅವನದು. ಇಪ್ಪತ್ತಾರು ವರ್ಷದಿಂದ ಮದುವೆ ಕಾಗದ, ರಸೀದಿ ಪುಸ್ತಕ, ಔಷಧಿ ಡಬ್ಬಿಯ ಚೀಟಿ, ಹೋಟೆಲುಗಳ ಮೆನು ಕಾರ್ಡು ಎಲ್ಲವೂ ಅವನ ಕೈಯಿಂದಲೇ ಹೋಗಿವೆ. ಪುಟದ ಅಂಚು ನೂಲು ಹಿಡಿದ ಹಾಗೆ ನೆಟ್ಟಗಿರದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಒಂದು ಸಾಲು ಗಿಡ್ಡವಾಯಿತೋ, ಖಾಲಿ ಜಾಗಕ್ಕೆ ಹೂವೋ ಬಳ್ಳಿಯೋ ಕೈಗೆ ಸಿಕ್ಕಿದ್ದೊಂದನ್ನು ತುಂಬಿಸಿ ಸಮ ಮಾಡುತ್ತಾನೆ. ಒಮ್ಮೆ ಯಾರದೋ ಸಾವಿನ ಸುದ್ದಿಯ ಕಾರ್ಡಿನಲ್ಲಿ ಚಿಟ್ಟೆ ಕೂರಿಸಿ ಮಾಲೀಕರಿಂದ ಮುಖಕ್ಕೆ ಮಂಗಳಾರತಿ ಮಾಡಿಸಿಕೊಂಡಿದ್ದ. ಆದರೂ ಬುದ್ಧಿ ಬಂದಿರಲಿಲ್ಲ.

ಗುಂಡಿ ಹಾಕಿಸಲು ಹೋದವನು ಕಂಡದ್ದು ಟೈಲರಮ್ಮನ ಹೊಲಿಗೆ. ಅಂಥ ನೆಟ್ಟನೆಯ ಅಂಚನ್ನು ಅವನು ಬಟ್ಟೆಯ ಮೇಲೆ ನೋಡಿರಲೇ ಇಲ್ಲ. ಮನಸ್ಸು ಅಲ್ಲೇ ಜಾರಿತು. ಆಕೆ ಮಾತ್ರ ಗುಂಡಿಯನ್ನು ಬೆರಳ ತುದಿಯಲ್ಲಿ ಹಿಡಿದು, "ಇದು ದನದ ಕೋಡಿಂದು. ನಾನು ಹೊಲಿಯಲ್ಲ. ಮರದ್ದು ಹಾಕ್ತೀನಿ, ಆಗಬಹುದಾ?" ಎಂದಿದ್ದಳು. ರೇಷ್ಮೆ ಮುಟ್ಟುವುದಿಲ್ಲ, ಉಣ್ಣೆ ಮುಟ್ಟುವುದಿಲ್ಲ, ಹನ್ನೊಂದು ವರ್ಷದಿಂದ ಪ್ರಾಣಿಯಿಂದ ಬಂದದ್ದು ಯಾವುದನ್ನೂ ಬಾಯಿಗಿಡುವುದಿಲ್ಲ. ವೀಗನ್. ಕರುವಿನದ್ದು ಕರುವಿಗೆ, ಜೇನುನೊಣದ್ದು ಜೇನುನೊಣಕ್ಕೆ ಎಂಬುದು ಆಕೆಯ ಲೆಕ್ಕ.

ನಾಲ್ಕು ತಿಂಗಳಲ್ಲಿ ಅಂಚಣ್ಣ ಹದಿನೇಳು ಗುಂಡಿ ಕಿತ್ತುಕೊಂಡ. ಹದಿನೆಂಟನೆಯದನ್ನು ಹೊಲಿಯುತ್ತ ಟೈಲರಮ್ಮನೇ ಕೇಳಿದಳು. "ವಿಷಯ ಏನು ಅಂತ ಹೇಳಿಬಿಡಿ. ನಿಮ್ಮ ಅಂಗಿ ಪಾಪ."

ಹೇಳಿದ. ಆಕೆ ಸೂಜಿ ಕೆಳಗಿಟ್ಟಳು.

"ನೂರು ದಿನ ನನ್ನ ಹಾಗೆ ಉಂಡು ತೋರಿಸಿ. ನೂರನೇ ದಿನ ನನ್ನನ್ನ ಹೊರಗೆ ಊಟಕ್ಕೆ ಕರ್ಕೊಂಡು ಹೋಗಿ. ಹೋಟೆಲಿಗೆ ಹೋದ್ರೆ ನಂದು ಊಟ ಅಲ್ಲ, ಪೊಲೀಸ್ ವಿಚಾರಣೆ. ಇದರಲ್ಲಿ ಬೆಣ್ಣೆ ಇದೆಯಾ, ಅದರಲ್ಲಿ ಮೊಟ್ಟೆ ಇದೆಯಾ ಅಂತ ಕೇಳಿ ಕೇಳಿ ಗಂಟಲು ಒಣಗುತ್ತೆ. ಸಪ್ಲೈಯರಿಗೆ ಒಂದೇ ಒಂದು ಪ್ರಶ್ನೆ ಕೇಳದೆ ನಾನು ಹೊಟ್ಟೆ ತುಂಬ ಉಂಡರೆ, ಕೈ ತೊಳ್ಕೊಂಡು ಬಂದು ಹ್ಞೂಂ ಅಂತೀನಿ."

ಇವತ್ತು ನೂರನೆಯ ದಿನ. ಸಂಜೆ ಆರೂವರೆಗೆ ಊಟ. ಅಂಚಣ್ಣನ ಪ್ಯಾಂಟು ಬಟ್ಟೆಯ ಪಟ್ಟಿಯೊಂದನ್ನು ನಂಬಿ ಸೊಂಟದ ಮೇಲೆ ನಿಂತಿತ್ತು. ಚರ್ಮದ ಬೆಲ್ಟು ಮೂರನೇ ದಿನವೇ ಹೋಗಿತ್ತು. ಮನೆಯಲ್ಲಿ ತಾನೇ ಬೇಯಿಸಿಕೊಂಡು ತೊಂಬತ್ತೊಂಬತ್ತು ದಿನ ತಳ್ಳಿದ್ದ. ಹೋಟೆಲು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ಮಧ್ಯಾಹ್ನ ಹುಡುಕಿಕೊಂಡು ಹೊರಟವನ ಹಿಂದೆ ಮುದ್ರಣಾಲಯದ ಮಷಿನ್ ಮೇಸ್ತ್ರಿ ಬಂದ. ಬೈಂಡಿಂಗ್ ಅಕ್ಕನೂ ಬಂದಳು. ಬನ್ನಿ ಎಂದು ಅವನು ಕರೆದಿರಲಿಲ್ಲ. ಕರೆಯದಿದ್ದರೆ ನಿಲ್ಲುವ ಪೈಕಿ ಇಬ್ಬರೂ ಅಲ್ಲ.

ಮೊದಲನೆಯದು ಮುದ್ರಣಾಲಯದ ಎದುರಿನ ಹೋಟೆಲು.

"ತರಕಾರಿ ಸೂಪಿಗೆ ಬೆಣ್ಣೆ ಹಾಕ್ತೀರಾ?" ಎಂದು ಅಂಚಣ್ಣ ಕೇಳಿದ.

ಸಪ್ಲೈಯರನ ಮುಖ ಅರಳಿತು. "ಹಾಕದೆ ಇರ್ತೀವಾ ಸಾರ್? ಕೈತುಂಬ ಹಾಕ್ತೀವಿ."

"ಹಾಕದೆ ಕೊಡಿ."

"ಹಾಗಾದ್ರೆ ಕೆನೆ ಹಾಕಿಸ್ಲಾ?"

"ಕೆನೆ ಬೇಡ, ಹಾಲು ಬೇಡ, ಮೊಟ್ಟೆ ಬೇಡ. ಬರೀ ತರಕಾರಿ, ನೀರು, ಉಪ್ಪು."

ಸಪ್ಲೈಯರ್ ಗಾಬರಿಯಿಂದ ಬೈಂಡಿಂಗ್ ಅಕ್ಕನ ಕಡೆ ನೋಡಿದ. ಅಕ್ಕ ದನಿ ತಗ್ಗಿಸಿ, ಆದರೆ ನಾಲ್ಕು ಟೇಬಲಿಗೆ ಕೇಳುವ ಹಾಗೆ, "ಅವರಿಗೆ ಹುಷಾರಿಲ್ಲಪ್ಪ, ಜಾಸ್ತಿ ಮಾತಾಡಿಸ್ಬೇಡ" ಎಂದಳು.

ಐದು ನಿಮಿಷಕ್ಕೆ ಮಾಲೀಕರೇ ದೊಡ್ಡ ಲೋಟ ಹಿಡಿದು ಬಂದರು. ಹಬೆಯಾಡುತ್ತಿತ್ತು. "ನಮ್ಮ ಮಾವನವರಿಗೂ ಹೀಗೇ ಆಗಿತ್ತು ಸಾರ್, ಏನೂ ಸೇರ್ತಿರಲಿಲ್ಲ. ಬಿಸಿ ಹಾಲು, ಎರಡು ಮೊಟ್ಟೆ ಒಡೆದು ಹಾಕಿದ್ದೀನಿ. ಕಣ್ಮುಚ್ಚಿ ಕುಡಿದುಬಿಡಿ. ದುಡ್ಡು ಬೇಡ."

ಅಂಚಣ್ಣ ಎದ್ದ. ಹಾಲು ದಂಡವಾಗಬಾರದೆಂದು ಮೇಸ್ತ್ರಿ ಕುಡಿದ.

ಎರಡನೆಯದು ಗಾಜಿನ ದೀಪದ ಗೊಂಚಲು ತೂಗುವ ದೊಡ್ಡ ಹೋಟೆಲು. ಇಲ್ಲಿ ಕೋಟು ಹಾಕಿದ ಸಪ್ಲೈಯರ್ ಎಲ್ಲದಕ್ಕೂ ತಲೆಯಾಡಿಸಿದ. "ವೀಗನ್ ತಾನೇ ಸಾರ್? ನಮ್ಮಲ್ಲಿ ದಿನಾ ಬರ್ತಾರೆ." ಅಂಚಣ್ಣನಿಗೆ ಹೋದ ಜೀವ ಬಂದಂತಾಯಿತು. ಇಪ್ಪತ್ತು ನಿಮಿಷದ ಮೇಲೆ ಬಂಡಿಚಕ್ರದಷ್ಟು ದೊಡ್ಡ ತಟ್ಟೆ ಬಂತು. ನಡುವೆ ಮೂರು ಸೌತೆಕಾಯಿ ಬಿಲ್ಲೆ, ದೊಡ್ಡ ಮನೆಯಲ್ಲಿ ಒಂಟಿಯಾಗಿ ಬಿಟ್ಟುಹೋದ ಮಕ್ಕಳ ಹಾಗೆ ಕೂತಿದ್ದವು. ಮೇಲೆ ಏನೋ ಹೊಳೆಯುತ್ತಿತ್ತು.

"ಇದೇನ್ರೀ ಅಂಟು?"

"ಜೇನು ಸಾರ್."

"ಜೇನು ತಿನ್ನಲ್ಲ ನಾನು. ಅದು ನೊಣದ್ದು."

"ನೊಣಗಳು ಏನೂ ಅಂದಿಲ್ಲವಲ್ಲ ಸಾರ್."

ಮೇಸ್ತ್ರಿಗೆ ಇದು ನ್ಯಾಯವೆನ್ನಿಸಿತು. "ಹೌದು ಕಣೋ. ಕೋಳಿನೂ ಅಷ್ಟೆ, ಮೊಟ್ಟೆ ಇಟ್ಟು ತಾನೇ ಊರಿಗೆಲ್ಲ ಕೂಗಿ ಹೇಳುತ್ತೆ. ಬೇಡದಿದ್ರೆ ಸುಮ್ಮನೆ ಇಟ್ಕೊಳ್ತಿರಲಿಲ್ವಾ?"

"ನೀನು ಯಾರ ಕಡೆ?" ಎಂದು ಅಂಚಣ್ಣ ಗುಡುಗಿದ.

"ಊಟದ ಕಡೆ" ಎಂದ ಮೇಸ್ತ್ರಿ.

ಮೂರನೆಯ ಹೋಟೆಲಿಗೆ ಬರುವ ಹೊತ್ತಿಗೆ ಅಂಚಣ್ಣನ ತಾಳ್ಮೆ ತಳ ಕಂಡಿತ್ತು. ಸಪ್ಲೈಯರನ್ನು ನಂಬಿ ಕೆಟ್ಟದ್ದು ಸಾಕೆಂದು ಜೇಬಿನ ಪೆನ್ನು, ಚೀಟಿ ತೆಗೆದು ಸೀದಾ ಅಡುಗೆಮನೆಗೆ ನುಗ್ಗಿದ. "ಯಾವ ಎಣ್ಣೆ? ಬ್ರೆಡ್ಡಿನ ಮೇಲೆ ಏನು ಸವರಿದ್ದೀರಿ? ಆ ಡಬ್ಬಿ ತೆಗೀರಿ ನೋಡೋಣ." ಹಿಂದೆ ಮಷಿನ್ ಮಸಿ ಬಳಿದುಕೊಂಡ ಮೇಸ್ತ್ರಿ, ಮೂಗಿನ ತುದಿಗೆ ಕನ್ನಡಕ ಇಟ್ಟ ಅಕ್ಕ. ಅಡುಗೆಯವನ ಕೈಯಿಂದ ಸೌಟು ಬಿತ್ತು. ಮಾಲೀಕ ಓಡಿಬಂದು ಅಂಚಣ್ಣನ ಮೊಣಕೈ ಹಿಡಿದು ಹಿಂಬಾಗಿಲಿಗೆ ಎಳೆದೊಯ್ದ.

"ಇನ್‌ಸ್ಪೆಕ್ಷನ್ ಅಂದ್ರೆ ಒಂದು ಮಾತು ಮೊದಲೇ ಹೇಳಬಾರದಾ ಸಾರ್? ಹೋದ ತಿಂಗಳು ತಾನೇ ನಿಮ್ಮ ಆಫೀಸಿನವರು ಬಂದಿದ್ರು."

"ನಾನು ಆಫೀಸಿನವನಲ್ಲ! ನಾನು ಊಟಕ್ಕೆ ಬಂದವನು!"

"ಅವರೂ ಹಾಗೇ ಅಂದಿದ್ರು ಸಾರ್" ಎನ್ನುತ್ತ ಒಂದು ಡಬ್ಬಿಯನ್ನು ಅವನ ಕಂಕುಳಿಗೆ ತುರುಕಿ ಬಾಗಿಲು ಹಾಕಿಕೊಂಡ. ಬಿಚ್ಚಿದರೆ ಮೂರಂತಸ್ತಿನ ಕೆನೆ ಕೇಕು. ಅಂಚಣ್ಣ ಅದನ್ನು ಸುಡುವ ಕೆಂಡದ ಹಾಗೆ ಅಕ್ಕನ ಕೈಗೆ ದಾಟಿಸಿದ. ಅಕ್ಕ ಬೇಡವೆನ್ನಲಿಲ್ಲ.

ಅರ್ಧ ದಿನ ರಜೆ ಹಾಕಿದ್ದಾಯಿತು. ಮೂರು ಗಂಟೆ. ಗಡಿಯಾರದ ಅಂಗಡಿಯ ಹಿಂದಿನ ಓಣಿಯಲ್ಲಿ, ಹೊಟ್ಟೆ ಬೆನ್ನಿಗೆ ಅಂಟಿ ನಡೆಯುತ್ತಿದ್ದವನನ್ನು ಮೇಸ್ತ್ರಿ ಹಿಡಿದು ನಿಲ್ಲಿಸಿದ. "ಅಂಚಣ್ಣ, ಅಲ್ಲಿ ನೋಡು."

ಚಿಕ್ಕ ಹೋಟೆಲು. ಹೊರಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಅಡುಗೆ ಬರೆದಿದ್ದರು. ಕೆಲವು ಹೆಸರುಗಳ ಮುಂದೆ ಒಂದೊಂದು ಹಸಿರು ಎಲೆ.

"ಎಲೆ ಅಂದ್ರೇನು?" ಎಂದು ಕೇಳಿದ ಅಂಚಣ್ಣ. ಬಾಗಿಲಲ್ಲಿ ಸಪ್ಲೈಯರ್ ನಿಂತಿದ್ದ.

"ಹಾಲು, ಬೆಣ್ಣೆ, ಮೊಟ್ಟೆ, ಜೇನು ಏನೂ ಇಲ್ಲ ಅಂತ" ಎಂದ ಸಪ್ಲೈಯರ್, ಪಾಠ ಒಪ್ಪಿಸುವವನ ಹಾಗೆ. "ಎಲೆ ಇದ್ರೆ ಕಣ್ಣು ಮುಚ್ಚಿ ತಿನ್ನಿ ಸಾರ್. ನಿಮ್ಮಂಥವರು ಊರಿನ ಮೂಲೆಮೂಲೆಯಿಂದ ಇಲ್ಲಿಗೇ ಬರೋದು."

ಅಂಚಣ್ಣ ಗೋಡೆ ಬದಿಯಲ್ಲೇ ನಿಂತು ಎಲೆ ಗುರುತಿನ ಸೂಪು ಕುಡಿದ. ಎಲೆ ಗುರುತಿನ ಬದನೆಕಾಯಿ ತಿಂದ. ಕಣ್ಣಲ್ಲಿ ನೀರು ಬಂತು. ನೂರು ದಿನದಲ್ಲಿ ಇಂಥ ರುಚಿ ನಾಲಿಗೆಗೆ ತಾಕಿರಲಿಲ್ಲ. ಪ್ರಾಣಿಗಳ ಹಂಗಿಲ್ಲದೆ ಇಷ್ಟು ಚೆನ್ನಾಗಿ ಮಾಡಬಹುದಾದರೆ ತಾನು ಮನೆಯಲ್ಲಿ ಮಾಡಿಕೊಂಡು ತಿಂದದ್ದಾದರೂ ಏನು ಎಂದು ಅವನಿಗೆ ನಾಚಿಕೆಯಾಯಿತು. ಆರೂವರೆಗೆ ಒಳಗಿನ ಕಿಟಕಿ ಪಕ್ಕದ ಟೇಬಲು ಹೇಳಿ ಬಂದ.

ಟೈಲರಮ್ಮ ಸರಿಯಾದ ಹೊತ್ತಿಗೆ ಬಂದಳು. ತಿಳಿನೀಲಿ ಹತ್ತಿಯ ಸೀರೆ, ಅಂಚು ಗೆರೆ ಎಳೆದ ಹಾಗೆ. ಮೂಲೆಯ ಟೇಬಲಿನಲ್ಲಿ ಮೇಸ್ತ್ರಿಯೂ ಅಕ್ಕನೂ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು, ಕಾರ್ಡಿನ ಕೆಳಗೆ ಕೇಕಿನ ಡಬ್ಬಿ.

"ಎಲೆ ಗುರುತು ಇರೋದು ನಮ್ಮದು" ಎಂದ ಅಂಚಣ್ಣ, ಹೋಟೆಲು ತನ್ನದೇ ಅನ್ನುವ ಗತ್ತಿನಲ್ಲಿ. ತಾನೇ ಸೂಪು, ಬದನೆಕಾಯಿ, ಬ್ರೆಡ್ಡು ತರಲು ಹೇಳಿದ.

ಟೈಲರಮ್ಮ ಮೊದಲ ಚಮಚಕ್ಕೆ ತಡೆದಳು. ಎರಡನೆಯದಕ್ಕೆ ಭುಜ ಸಡಿಲಾಯಿತು. ಆಮೇಲೆ ತಲೆ ಎತ್ತದೆ ಉಂಡಳು. ಬದನೆಕಾಯಿ ಎರಡು ಸಲ ಹಾಕಿಸಿಕೊಂಡಳು. ಬ್ರೆಡ್ಡಿನ ಕೊನೆಯ ತುಂಡಿನಿಂದ ತಟ್ಟೆ ಒರೆಸಿ ತಿಂದು, ಬೆನ್ನು ಹಿಂದಕ್ಕೆ ಒರಗಿಸಿದಳು.

"ಹನ್ನೊಂದು ವರ್ಷ ಆಯ್ತು ನೋಡಿ, ಯಾರನ್ನೂ ಏನೂ ಕೇಳದೆ ಉಂಡು. ಇರಿ, ಕೈ ತೊಳ್ಕೊಂಡು ಬರ್ತೀನಿ."

ಕೈ ತೊಳೆದು ಬಂದರೆ ಹ್ಞೂಂ. ಅಂಚಣ್ಣನ ಎದೆ ಅಚ್ಚಿನ ಮಷಿನ್ನಿನ ಹಾಗೆ ಬಡಿಯತೊಡಗಿತು. ಆಕೆ ಅರ್ಧ ಎದ್ದವಳು ಟೇಬಲಿನ ಮೇಲಿದ್ದ ಮೆನು ಕಾರ್ಡಿನ ಮೇಲೆ ಕಣ್ಣು ಬಿದ್ದು ನಿಂತಳು.

"ಇದೇನಿದು? ಮೀನಿಗೂ ಎಲೆ ಇದೆಯಲ್ಲ?"

ಸಪ್ಲೈಯರ್ ಬಗ್ಗಿ ನೋಡಿದ. ಒಂದು ಕ್ಷಣ ಯೋಚಿಸಿದ. ಆಮೇಲೆ ಧೈರ್ಯವಾಗಿ, "ಎಲೆ ಇದೆ ಅಂದ್ರೆ ಅದು ತರಕಾರಿ ಮೀನು ಅಮ್ಮ" ಎಂದ.

ಟೈಲರಮ್ಮ ನಕ್ಕಳು. ಹೊಟ್ಟೆ ತುಂಬಿದವರು ಏನನ್ನಾದರೂ ನಂಬುತ್ತಾರೆ. ಅಂಚಣ್ಣ ಮಾತ್ರ ಕಾರ್ಡನ್ನು ಕೈಗೆತ್ತಿಕೊಂಡ. ಮೊದಲು ಅಭಿಮಾನವೇ ಉಕ್ಕಿತು. ಯಾರೋ ಕೆಲಸ ಬಲ್ಲವನು ಮಾಡಿದ್ದಾನೆ, ಎಂಥ ಅಂಚು! ಒಂದು ಸಾಲೂ ಹಿಂದೆ ಮುಂದೆ ಇಲ್ಲ. ಆಮೇಲೆ ಎಲೆಯನ್ನು ಹತ್ತಿರ ಹಿಡಿದು ನೋಡಿದ. ತೊಟ್ಟು ಎಡಕ್ಕೆ ಸೊಟ್ಟ. ಈ ಸೊಟ್ಟ ತೊಟ್ಟಿನ ಎಲೆ ಊರಿಗೆಲ್ಲ ಒಂದೇ ಮುದ್ರಣಾಲಯದಲ್ಲಿ ಇರುವುದು.

ಸಾಲು ಸಾಲಿಗೂ ಬೆರಳಿಟ್ಟು ನೋಡಿದ. ಸೂಪು: ಎಲೆ. ಮೀನು: ಎಲೆ. ಬದನೆಕಾಯಿ: ಎಲೆ. 'ಬರೀ ನೀರಿನಲ್ಲಿ ಬೇಯಿಸಿದ ಹುರುಳಿಕಾಯಿ ಮತ್ತು ಆಲೂಗಡ್ಡೆ': ಎಲೆ ಇಲ್ಲ. ಯಾಕೆಂದರೆ ಆ ಸಾಲು ತಾನಾಗಿಯೇ ಅಂಚಿಗೆ ಮುಟ್ಟಿತ್ತು. ನಾಲ್ಕು ವರ್ಷದ ಹಿಂದೆ, ಯಾವುದೋ ಮಧ್ಯಾಹ್ನ, ಗಿಡ್ಡ ಹೆಸರುಗಳ ಮುಂದೆಲ್ಲ ಎಲೆ ಇಟ್ಟು ಅಂಚು ಸಮ ಮಾಡಿದವನು ಅವನೇ.

ಸುಮ್ಮನಿರಬಹುದಿತ್ತು. ನಲ್ಲಿ ಹತ್ತೇ ಹೆಜ್ಜೆ ದೂರ. ಮೂಲೆಯಿಂದ ಮೇಸ್ತ್ರಿ ವಿಷಯ ಊಹಿಸಿ, ಬಾಯಿ ಬಿಡಬೇಡ ಎಂದು ಕತ್ತು ಬೀಳುವ ಹಾಗೆ ತಲೆಯಾಡಿಸುತ್ತಿದ್ದ. ಆದರೆ ಬಾಳಿಡೀ ಈಕೆಯ ಎದುರು ಕೂತು ಬದನೆಕಾಯಿ ತಿನ್ನಬೇಕಲ್ಲ.

"ಕೂತ್ಕೊಳ್ಳಿ" ಎಂದ ಅಂಚಣ್ಣ. "ಈ ಎಲೆ ಇಟ್ಟದ್ದು ನಾನು. ಜಾಗ ಖಾಲಿ ಇತ್ತು, ಇಟ್ಟೆ. ಅದಕ್ಕೆ ಅರ್ಥ ಏನೂ ಇಲ್ಲ."

ಟೈಲರಮ್ಮ ಕೂತಳು. ಸಪ್ಲೈಯರ್ ಓಡಿದ. ಮಾಲೀಕ ಬಂದ, ಬಂದವನು ವಿಷಯ ಕೇಳಿ ಅಂಚಣ್ಣನನ್ನು ತಬ್ಬಿಕೊಂಡೇಬಿಟ್ಟ.

"ನೀವೇನಾ ಸಾರ್ ಆ ಪುಣ್ಯಾತ್ಮ! ಕಾರ್ಡು ಬಂದ ವಾರಕ್ಕೆ ಒಬ್ಬರು ಎಲೆ ತೋರಿಸಿ, ಇದರಲ್ಲಿ ಹಾಲು ಬೆಣ್ಣೆ ಇಲ್ಲ ಅಂತ ತಾನೇ ಅಂದ್ರು. ಹೌದು ಅಂದೆ. ಗಿರಾಕಿ ಅಂದಮೇಲೆ ಇಲ್ಲ ಅನ್ನೋಕಾಗುತ್ತಾ? ಅವತ್ತಿಂದ ಕಾರ್ಡು ನೋಡಿ ಹೊರಗಿನ ಹಲಗೆ ಮೇಲೂ ಎಲೆ ಬರೆಸ್ತಿದ್ದೀನಿ, ಕೂರೋಕೆ ಜಾಗ ಇಲ್ಲ."

"ಅಡುಗೆಯವರಿಗೆ ಹೇಳಿದ್ದೀರಾ?" ಟೈಲರಮ್ಮನ ದನಿ ತಣ್ಣಗಿತ್ತು.

"ಅವರಿಗೆ ಮೆನು ಯಾಕಮ್ಮ? ಅವರ ಪಾಡಿಗೆ ಅವರು ಮಾಡ್ತಾರೆ."

ಅಡುಗೆಯವನನ್ನು ಕರೆಸಿದರು. ಅವನು ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ಹೇಳಿದ. ಸೂಪಿಗೆ ಬೆಣ್ಣೆ, ಮೇಲೆ ಕೆನೆ. ಬದನೆಕಾಯಿ ಗರಿಗರಿಯಾಗಲು ಮೊಟ್ಟೆಯಲ್ಲಿ ಅದ್ದುವುದು. ಹೊಳಪಿಗೆ ಒಂದು ಚಮಚ ಜೇನು. ಬ್ರೆಡ್ಡಿಗೆ ಹಾಲು. ಏನನ್ನೂ ಕಡಿಮೆ ಮಾಡಿಲ್ಲ.

ಟೈಲರಮ್ಮ ತಟ್ಟೆಯನ್ನು ದೂರ ತಳ್ಳಿದಳು. ಮೂಲೆಯಲ್ಲಿ ಬೈಂಡಿಂಗ್ ಅಕ್ಕ ಮಾತ್ರ ಕೇಕು ನುಂಗುತ್ತಿದ್ದಳು.

"ನಿಮ್ಮದು ನೂರು ದಿನ ಹೋಯ್ತು" ಎಂದಳು ಟೈಲರಮ್ಮ ಕೊನೆಗೆ. "ನಂದು ಹನ್ನೊಂದು ವರ್ಷ." ಸೀರೆಯ ಅಂಚನ್ನು ನೇರ ಮಾಡಿಕೊಂಡಳು. "ಬಾಯಿಬಿಟ್ಟು ಹೇಳಿದ್ರಿ, ಅದಕ್ಕೆ ಇನ್ನೂ ಕೂತಿದ್ದೀನಿ. ಇಬ್ಬರೂ ನಾಳೆಯಿಂದ ಮತ್ತೆ ಶುರು ಮಾಡೋಣ. ನೂರು ದಿನ. ಮೊದಲು ಆ ಎಲೆಗಳನ್ನ ತೆಗೀರಿ, ಇನ್ಯಾರೂ ಮೋಸ ಹೋಗೋದು ಬೇಡ."

ಅಂಚಣ್ಣನಿಗೆ ಕಣ್ಣು ತುಂಬಿತು. ಜೇಬಿನಿಂದ ಪೆನ್ನು ತೆಗೆದು ಒಂದೊಂದೇ ಎಲೆಯನ್ನು ಹೊಡೆದುಹಾಕಿದ. ಮೀನಿನದು, ಸೂಪಿನದು, ಬದನೆಕಾಯಿಯದು, ಹದಿನಾಲ್ಕೂ ಆಯಿತು. ಈಗ ಕಾರ್ಡು ಹಲ್ಲುದುರಿದ ಬಾಯಿಯ ಹಾಗೆ ಕಂಡಿತು. ಒಂದು ಸಾಲು ಇಲ್ಲಿ ನಿಂತರೆ ಇನ್ನೊಂದು ಅಲ್ಲಿ ನಿಂತಿತ್ತು. ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ಆಗಲಿಲ್ಲ, ಮತ್ತೆ ನೋಡಿದ. ಬೆರಳು ತುರಿಸಿತು. ಕೈ ಯಾರನ್ನೂ ಕೇಳದೆ ತನ್ನಷ್ಟಕ್ಕೆ ಸೂಪಿನ ಮುಂದಿನ ಖಾಲಿ ಜಾಗಕ್ಕೆ ಹೋಗಿ, ಒಂದು ಚಂದದ ಪುಟ್ಟ ನಕ್ಷತ್ರ ಬರೆಯಿತು.

ಹೆಗಲ ಮೇಲಿಂದ ಸಪ್ಲೈಯರ್ ಇಣುಕಿದ. "ನಕ್ಷತ್ರ ಅಂದ್ರೆ ಬೆಣ್ಣೆ ಇಲ್ಲ ಅಂತ ಅಲ್ವಾ ಸಾರ್?"

ಟೈಲರಮ್ಮ ಅಂಚಣ್ಣನ ಮಣಿಕಟ್ಟು ಹಿಡಿದು ಪೆನ್ನು ಕಿತ್ತುಕೊಂಡಳು.

"ಇನ್ನೂರು" ಎಂದಳು.